ಮಾರದೆ ಉಳಿಸಿಕೊಂಡ ಪಾಲು: ಜೆ.ಪಿ. ಬಿಕೆಲ್

ಕೆನಡಾದ ಟೊರಾಂಟೊ ನಗರಕ್ಕೂ ಮೇಪಲ್ ಲೀಫ್ಸ್ ಎಂಬ ಹಾಕಿ ತಂಡಕ್ಕೂ ಇರುವ ನಂಟು ಸುಮಾರು ನೂರು ವರ್ಷಗಳದು. ಇಲ್ಲಿ ಹಾಕಿ ಎಂದರೆ ಹುಲ್ಲಿನ ಮೈದಾನದ ಆಟವಲ್ಲ. ಮಂಜುಗಡ್ಡೆಯ ಹಾಸಿನ ಮೇಲೆ ಸ್ಕೇಟ್ ತೊಟ್ಟು ಆಡುವ ವೇಗದ ಕ್ರೀಡೆ. ಈ ತಂಡದ ಹೆಸರು ಬಂದಾಗಲೆಲ್ಲ ಅದರ ವ್ಯವಸ್ಥಾಪಕ ಕಾನ್ ಸ್ಮೈತ್ ಅವರನ್ನು ನೆನೆಯುವುದು ವಾಡಿಕೆ. ಆದರೆ ತಂಡವು ಆ ನಗರದಲ್ಲೇ ಉಳಿಯಲು ಕಾರಣರಾದ ಹಣಕಾಸು ಉದ್ಯಮಿ ಜಾನ್ ಪ್ಯಾರಿಸ್ ಬಿಕೆಲ್ ಅವರ ಹೆಸರು ಅಷ್ಟಾಗಿ ಕೇಳಿಬರುವುದಿಲ್ಲ.

1884ರಲ್ಲಿ ಒಂಟಾರಿಯೊ ಪ್ರಾಂತ್ಯದ ಮೋಲ್ಸ್‌ವರ್ತ್ ಎಂಬ ಪುಟ್ಟ ಊರಿನಲ್ಲಿ ಜನಿಸಿದ ಬಿಕೆಲ್, ಇಪ್ಪತ್ತರ ಹರೆಯದಲ್ಲೇ ಸ್ವಂತ ದಲ್ಲಾಳಿ ಸಂಸ್ಥೆ ತೆರೆದು ಷೇರು ವಹಿವಾಟಿನಲ್ಲಿ ಹೆಸರು ಗಳಿಸಿದರು. ಮುಂದೆ ಉತ್ತರ ಒಂಟಾರಿಯೊದ ಮ್ಯಾಕಿಂಟೈರ್ ಪೋರ್ಕ್ಯುಪೈನ್ ಚಿನ್ನದ ಗಣಿಯ ಅಧ್ಯಕ್ಷರಾಗಿ ಅದನ್ನು ದೇಶದ ಪ್ರಮುಖ ಗಣಿಗಳಲ್ಲಿ ಒಂದನ್ನಾಗಿ ಬೆಳೆಸಿದರು. ಅವರ ಸಂಪತ್ತಿನ ಮೂಲ ಇದೇ.

1920ರ ದಶಕದಲ್ಲಿ ಅವರು ಟೊರಾಂಟೊದ ಸೇಂಟ್ ಪ್ಯಾಟ್ರಿಕ್ಸ್ ತಂಡದಲ್ಲಿ ಹಣ ತೊಡಗಿಸಿ ಪಾಲುದಾರರಾದರು. 1927ರ ಆರಂಭದಲ್ಲಿ ಆ ತಂಡವನ್ನು 2 ಲಕ್ಷ ಡಾಲರಿಗೆ ಕೊಂಡು ಅಮೆರಿಕದ ಫಿಲಡೆಲ್ಫಿಯಾಕ್ಕೆ ಒಯ್ಯಲು ಒಂದು ಗುಂಪು ಮುಂದೆ ಬಂದಿತು. ಲಾಭವನ್ನಷ್ಟೇ ಲೆಕ್ಕ ಹಾಕುವವರಿಗೆ ಒಪ್ಪಿಬಿಡುವುದು ಸುಲಭವಾಗಿತ್ತು. ಬಿಕೆಲ್ ಒಪ್ಪಲಿಲ್ಲ. ಹಿಂದಿನ ವರ್ಷವಷ್ಟೇ ನ್ಯೂಯಾರ್ಕ್ ರೇಂಜರ್ಸ್ ತಂಡದಿಂದ ಹೊರಬಿದ್ದಿದ್ದ ಸ್ಮೈತ್ ತಂಡದ ಆಡಳಿತ ವಹಿಸಿಕೊಳ್ಳುವುದಾದರೆ ತಮ್ಮ 40 ಸಾವಿರ ಡಾಲರಿನ ಪಾಲನ್ನು ಹಿಂತೆಗೆಯುವುದಿಲ್ಲ ಎಂದು ಅವರು ಮಾತು ಕೊಟ್ಟರು. ಸ್ಮೈತ್ ಕಟ್ಟಿದ ಗುಂಪು 1 ಲಕ್ಷ 60 ಸಾವಿರ ಡಾಲರಿಗೆ, ಅಂದರೆ ಹೊರಗಿನವರ ಬೆಲೆಗಿಂತ ಕಡಿಮೆಗೆ, ತಂಡವನ್ನು ಪಡೆಯಿತು. ಆ ಫೆಬ್ರವರಿಯಲ್ಲಿ ತಂಡಕ್ಕೆ ಮೇಪಲ್ ಲೀಫ್ಸ್ ಎಂಬ ಹೊಸ ಹೆಸರು ಬಂದಿತು.

ಇದಕ್ಕಿಂತ ಕಠಿಣವಾದ ಪರೀಕ್ಷೆ ಮಹಾ ಆರ್ಥಿಕ ಕುಸಿತದ ಕಾಲದಲ್ಲಿ ಎದುರಾಯಿತು. ತಂಡಕ್ಕೆ ದೊಡ್ಡ ಕ್ರೀಡಾಂಗಣ ಬೇಕಿತ್ತು. ಸಾಲ ಕೊಡುವವರು ಹಿಂಜರಿಯುತ್ತಿದ್ದರು. ಬಿಕೆಲ್ ತಮ್ಮ ಹಣವನ್ನೂ ಉದ್ಯಮಿಗಳ ನಡುವೆ ತಮಗಿದ್ದ ವಿಶ್ವಾಸವನ್ನೂ ಇದಕ್ಕೆ ಒತ್ತೆಯಿಟ್ಟರು. ಆದರೂ ಹಣ ಸಾಲದಾದಾಗ ಕಟ್ಟಡ ಕಾರ್ಮಿಕರು ಕೂಲಿಯ ಶೇ. 20 ಭಾಗವನ್ನು ಷೇರುಗಳ ರೂಪದಲ್ಲಿ ಪಡೆಯಲು ಸಮ್ಮತಿಸಿದರು. ಕೆಲಸವೇ ಸಿಗದ ದಿನಗಳಲ್ಲಿ ಅವರು ಹೊತ್ತ ಈ ಭಾರವನ್ನು ಮರೆಯಲಾಗದು. 1931ರ ಜೂನ್‌ನಲ್ಲಿ ಆರಂಭವಾದ ಮೇಪಲ್ ಲೀಫ್ ಗಾರ್ಡನ್ಸ್ ಅದೇ ನವೆಂಬರ್ 12ರಂದು ಬಾಗಿಲು ತೆರೆಯಿತು. ಅದರ ಸಂಸ್ಥೆಗೆ ಬಿಕೆಲ್ ಪ್ರಥಮ ಅಧ್ಯಕ್ಷರಾದರು. ಮೊದಲ ಪಂದ್ಯದಲ್ಲಿ ತಂಡ ಷಿಕಾಗೊ ಎದುರು 2-1ರಿಂದ ಸೋತರೂ, 1932ರ ವಸಂತದಲ್ಲಿ ಸ್ಟ್ಯಾನ್ಲಿ ಕಪ್ ಗೆದ್ದುಕೊಂಡಿತು.

ಎರಡನೇ ಮಹಾಯುದ್ಧದ ವೇಳೆ ಬಿಕೆಲ್ ಬ್ರಿಟನ್ನಿಗೆ ತೆರಳಿ, ಲಾರ್ಡ್ ಬೀವರ್‌ಬ್ರೂಕ್ ಅವರ ವಿಮಾನ ಉತ್ಪಾದನಾ ಇಲಾಖೆಗೆ ನೆರವಾದರು. ಬಳಿಕ ಟೊರಾಂಟೊ ಸಮೀಪದ ಮಾಲ್ಟನ್‌ನಲ್ಲಿ ಲ್ಯಾಂಕಾಸ್ಟರ್ ಬಾಂಬರ್‌ಗಳನ್ನು ತಯಾರಿಸಿದ ಸರ್ಕಾರಿ ಸಂಸ್ಥೆ ವಿಕ್ಟರಿ ಏರ್‌ಕ್ರಾಫ್ಟ್‌ನ ಹೊಣೆ ಹೊತ್ತರು.

1951ರ ಆಗಸ್ಟ್ 22ರಂದು ಅವರು ನಿಧನರಾದರು. ಅವರ ಆಸ್ತಿಯಿಂದ ರೂಪುಗೊಂಡ ದತ್ತಿ ಪ್ರತಿಷ್ಠಾನದ ಆದಾಯದ ದೊಡ್ಡ ಪಾಲು ಟೊರಾಂಟೊದ ಮಕ್ಕಳ ಆಸ್ಪತ್ರೆಗೆ ಮೀಸಲಾಯಿತು. ಅವರ ನೆನಪಿನ ಪ್ರಶಸ್ತಿಯನ್ನು 1953ರಲ್ಲಿ ಮೊದಲು ಪಡೆದವರು ತಂಡದ ನಾಯಕ ಟೆಡ್ ಕೆನಡಿ. 1978ರಲ್ಲಿ ಬಿಕೆಲ್ ಅವರ ಹೆಸರು ಹಾಕಿ ಗೌರವ ಭವನವನ್ನು ಸೇರಿತು.

ಗಾರ್ಡನ್ಸ್‌ನಲ್ಲಿ ತಂಡದ ಕೊನೆಯ ಪಂದ್ಯ 1999ರ ಫೆಬ್ರವರಿಯಲ್ಲಿ ಮುಗಿಯಿತು. ಎದುರಾಳಿ ಅಂದೂ ಷಿಕಾಗೊವೇ. ತಂಡ ಆ ಕಟ್ಟಡವನ್ನು ಬಿಟ್ಟಿತು, ಊರನ್ನು ಬಿಡಲಿಲ್ಲ. ಬಂಡವಾಳಕ್ಕೆ ಊರಿಲ್ಲ ಎನ್ನುವವರುಂಟು. ಕೈತುಂಬ ಬೆಲೆ ಬಂದಾಗಲೂ ಕದಲದ 40 ಸಾವಿರ ಡಾಲರಿನ ಒಂದು ಪಾಲು ಆ ಮಾತಿಗೆ ಅಪವಾದವಾಗಿ ನಿಂತಿದೆ.