ಸಂತೋಷ ಸಂಘ ಕಟ್ಟಿದ ಹುಡುಗ

ಮಂಗಳೂರಿನ ಡಾನ್ ಬೊಸ್ಕೊ ಹಾಲ್ ಎಂದೊಡನೆ ನಮ್ಮ ಕಡೆಯ ಎಷ್ಟೋ ಮನೆಗಳ ಹಿರಿಯರಿಗೆ ನಾಟಕದ ನೆನಪಾಗುತ್ತದೆ. ಆದರೆ ಈ ಡಾನ್ ಬೊಸ್ಕೊ ಯಾರು ಎಂದು ವಿಚಾರಿಸಿದರೆ, ಯಾರೋ ಒಬ್ಬ ಪಾದ್ರಿಯಂತೆ ಎಂಬಲ್ಲಿಗೆ ಮಾತು ನಿಲ್ಲುತ್ತದೆ. ನಾಟಕದ ಮನೆಗೆ ಪಾದ್ರಿಯ ಹೆಸರೇಕೆ ಎಂದು ಕೇಳುವವರೂ ಉಂಟು. ಶಾಲೆಯೆಂದರೆ ಪುಸ್ತಕ ಮತ್ತು ಬೆತ್ತ ಎಂದಿದ್ದ ಕಾಲದಲ್ಲಿ ನಾಟಕ, ಬ್ಯಾಂಡು, ಆಟ, ಪ್ರವಾಸ, ಸಂಘ ಇವುಗಳನ್ನೆಲ್ಲ ಶಾಲೆಯೊಳಗೆ ತಂದು ಕೂರಿಸಿದವರಲ್ಲಿ ಈ ಮಹನೀಯರು ಪ್ರಮುಖರು. ಅವರ ಬಾಳಿನ ಕತೆಯನ್ನು ಇಂದು ನಮ್ಮ ಓದುಗರ ಮುಂದಿಡುತ್ತಿದ್ದೇವೆ.

ಇಟಲಿಯ ವಾಯವ್ಯ ಭಾಗದ ಪೀಡ್‌ಮಾಂಟ್ ಪ್ರಾಂತದಲ್ಲಿ ಬೆಕ್ಕಿ ಎಂಬ ಪುಟ್ಟ ಹಳ್ಳಿ. ಅಲ್ಲಿ 1815ರ ಆಗಸ್ಟ್ 16ರಂದು ಜೊವಾನ್ನಿ ಬೊಸ್ಕೊ ಹುಟ್ಟಿದ. ಡಾನ್ ಎಂಬುದು ಹೆಸರಲ್ಲ, ಆ ನಾಡಿನಲ್ಲಿ ಪಾದ್ರಿಗಳಿಗೆ ಗೌರವದಿಂದ ಸೇರಿಸುವ ಮಾತು. ಮಗುವಿಗೆ ಎರಡು ವರ್ಷ ತುಂಬುವ ಮೊದಲೇ ತಂದೆ ತೀರಿಕೊಂಡರು. ತಾಯಿ ಮಾರ್ಗರಿಟಾ ಅಕ್ಷರ ಬಾರದ ರೈತ ಹೆಂಗಸು. ತಂದೆಯ ಮೊದಲ ಹೆಂಡತಿಯ ಮಗ ಅಂತೋನಿಯೊಗೆ, ಗದ್ದೆ ಕೆಲಸ ಬಿಟ್ಟು ತಮ್ಮ ಪುಸ್ತಕ ಹಿಡಿಯುವುದು ಸುತರಾಂ ಹಿಡಿಸದು. ಜಗಳ ಬೆಳೆದು ಹುಡುಗ ಮನೆ ಬಿಟ್ಟು ಬೇರೆಯವರ ಹೊಲದಲ್ಲಿ ಕೂಲಿಗಿರಬೇಕಾಯಿತು.

ಅದಕ್ಕೂ ಮೊದಲೇ ಅವನಿಗೊಂದು ಹುಚ್ಚು ಹಿಡಿದಿತ್ತು. ಜಾತ್ರೆಗೆ ಬರುತ್ತಿದ್ದ ಹಗ್ಗದ ಮೇಲೆ ನಡೆಯುವವರನ್ನೂ ಕಣ್ಕಟ್ಟಿನವರನ್ನೂ ಕಣ್ಣು ಕೀಲಿಸಿ ನೋಡುವುದು, ಮನೆಗೆ ಬಂದು ಬಿದ್ದು ಎದ್ದು ಅದನ್ನೇ ಕಲಿಯುವುದು. ಆದಿತ್ಯವಾರ ಹುಲ್ಲುಗಾವಲಿನಲ್ಲಿ ಮರದಿಂದ ಮರಕ್ಕೆ ಹಗ್ಗ ಕಟ್ಟಿ ಊರವರಿಗೆ ಆಟ ತೋರಿಸುವುದು. ಟಿಕೆಟು ಇಲ್ಲ. ಆದರೆ ನಡುವೆ ಎಲ್ಲರೂ ಜಪಸರ ಪ್ರಾರ್ಥನೆ ಹೇಳಬೇಕು, ಬೆಳಿಗ್ಗೆ ಇಗರ್ಜಿಯಲ್ಲಿ ಕೇಳಿದ ಪ್ರವಚನವನ್ನು ಈ ಹುಡುಗನ ಬಾಯಲ್ಲಿ ಇನ್ನೊಮ್ಮೆ ಕೇಳಬೇಕು. ಒಲ್ಲದವರಿಗೆ ಆಟವೂ ಇಲ್ಲ.

1831ರಲ್ಲಿ ಕಿಯೆರಿ ಪಟ್ಟಣದ ಶಾಲೆಗೆ ಸೇರಿದಾಗ ವಯಸ್ಸು ಹದಿನಾರು. ಸುತ್ತ ಕುಳಿತವರು ಸಣ್ಣ ಮಕ್ಕಳು, ನಡುವೆ ಈ ಎತ್ತರದ ಹಳ್ಳಿ ಹುಡುಗ. ಕೈಯಲ್ಲಿ ಕಾಸಿಲ್ಲ. ಕೆಲಕಾಲ ಒಂದು ಕಾಫಿ ಅಂಗಡಿಯಲ್ಲಿ ದುಡಿದು, ಬಿಲಿಯರ್ಡ್ಸ್ ಆಡುವವರ ಲೆಕ್ಕ ಬರೆದು, ಸಿಹಿತಿಂಡಿ ಮಾಡುವುದನ್ನೂ ಕಲಿತು, ರಾತ್ರಿ ದೀಪದ ಬೆಳಕಿನಲ್ಲಿ ಓದಿದ.

ಇಲ್ಲಿಯೇ, 1832ರಲ್ಲಿ, ಅವನು ಸಹಪಾಠಿಗಳನ್ನು ಕೂಡಿಸಿ ಸಂತೋಷ ಸಂಘವನ್ನು ಕಟ್ಟಿದ. ಕೆಥೊಲಿಕ್ ಶಾಲೆಗಳಲ್ಲಿ ವಿದ್ಯಾರ್ಥಿ ಸಂಘ ಹೊಸತಲ್ಲ. 1563ರಲ್ಲೇ ರೋಮಿನ ಜೆಸುಯಿಟ್ ಕಾಲೇಜಿನಲ್ಲಿ ಮರಿಯಮ್ಮನವರ ಹೆಸರಿನ ಸೊಡಾಲಿಟಿ ಹುಟ್ಟಿತ್ತು. ಆದರೆ ಅವನ್ನು ನಡೆಸುತ್ತಿದ್ದವರು ಗುರುಗಳು. ಇದು ಹುಡುಗರೇ ಕಟ್ಟಿದ್ದು. ಕಟ್ಟಳೆಗಳೂ ಸರಳ: ಕ್ರೈಸ್ತನಿಗೆ ಒಪ್ಪದ ಮಾತು ನಡತೆ ಬೇಡ, ಶಾಲೆಯ ಮತ್ತು ಧರ್ಮದ ಕರ್ತವ್ಯ ತಪ್ಪಬಾರದು, ಮುಖ ಜೋಲು ಹಾಕಿಕೊಂಡು ಯಾರೂ ಬರಬಾರದು. ಆ ದಿನಗಳಲ್ಲಿ ಅವನ ಆಪ್ತಮಿತ್ರರಲ್ಲಿ ಜೋನಾ ಎಂಬ ಯೆಹೂದಿ ಹುಡುಗನೂ ಇದ್ದ.

ಈ ಸಂಘದ ಒಂದು ಪ್ರಸಂಗವನ್ನು ಹೇಳದೆ ಮುಂದೆ ಹೋಗಲು ಮನಸ್ಸು ಬಾರದು. ಊರಿಗೊಬ್ಬ ಕಸರತ್ತುಗಾರ ಬಂದ. ಆದಿತ್ಯವಾರ ಇಗರ್ಜಿಯ ಹೊತ್ತಿಗೇ ಅವನ ಆಟ, ಹುಡುಗರೆಲ್ಲ ಅಲ್ಲಿಗೆ. ಬೊಸ್ಕೊ ಅವನಿಗೆ ಸವಾಲು ಹಾಕಿದ. ಪಣದ ಹಣವನ್ನು ಸಂಘದವರು ಕೂಡಿಸಿದರು. ಓಟದಲ್ಲಿ 20 ಫ್ರಾಂಕ್ ಗೆದ್ದದ್ದಾಯಿತು. ಕಾಲುವೆ ಹಾರುವುದರಲ್ಲಿ ಪಣ 40. ಆಚೆ ದಡದಲ್ಲಿ ಕಟ್ಟೆಯಿದ್ದುದರಿಂದ ಕಸರತ್ತುಗಾರ ಅದರ ಬುಡದಲ್ಲೇ ನಿಂತ, ಬೊಸ್ಕೊ ಕಟ್ಟೆಯ ಮೇಲೆ ಕೈಯೂರಿ ಆಚೆಗೆ ನೆಗೆದ. ಕೋಲು ಬೀಳಿಸದೆ ಬೆರಳಿನಿಂದ ಭುಜಕ್ಕೆ, ಭುಜದಿಂದ ಗದ್ದಕ್ಕೆ ಏರಿಸುವ ಆಟಕ್ಕೆ 80. ಕಸರತ್ತುಗಾರನ ಉದ್ದ ಮೂಗಿಗೆ ಕೋಲು ತಾಗಿ ವಾಲಿತು. ಕೊನೆಗೆ ಮರ ಹತ್ತುವುದು, ಪಣ 100. ಇನ್ನೊಂದು ಗೇಣು ಹೋದರೆ ರೆಂಬೆ ಮುರಿಯಬೇಕು ಎಂಬಲ್ಲಿಯವರೆಗೆ ಅವನು ಹತ್ತಿ ಇಳಿದ. ಬೊಸ್ಕೊ ಅಲ್ಲಿಗೇ ಹತ್ತಿ, ಕೈಯಿಂದ ಮರ ಹಿಡಿದು ತಲೆಕೆಳಗಾಗಿ, ಕಾಲನ್ನು ತುದಿಗಿಂತ ಮೇಲಕ್ಕೆತ್ತಿದ. ಪಾಪ, ಆ ಮನುಷ್ಯನ ಗಂಟೆಲ್ಲ ಹೋಗಿತ್ತು. ಹುಡುಗರು ಹಣವನ್ನೆಲ್ಲ ಹಿಂದಕ್ಕೆ ಕೊಟ್ಟರು, ಸಂಘದ ಇಪ್ಪತ್ತೆರಡು ಮಂದಿಗೆ ಒಂದು ಊಟ ಹಾಕಿಸಿದರೆ ಸಾಕು ಎಂದು. ಇದನ್ನು ಬೊಸ್ಕೊ ತಮ್ಮ ಆತ್ಮಕಥೆಯಲ್ಲಿ ಬರೆದಿದ್ದಾರೆ. ಹಳೆಯ ಶಾಲಾ ನೆನಪಿಗೆ ತುಸು ಉಪ್ಪು ಖಾರ ಬಿದ್ದಿರಲೂಬಹುದು. ಹಣ ಮರಳಿಸಿದ ಭಾಗವನ್ನಂತೂ ನಾವು ನಂಬುತ್ತೇವೆ.

1841ರ ಜೂನ್ 5ರಂದು ಟ್ಯೂರಿನ್ ನಗರದಲ್ಲಿ ಅವರಿಗೆ ಗುರುದೀಕ್ಷೆಯಾಯಿತು. ಆ ನಗರ ಆಗ ಬೆಳೆಯುತ್ತಿತ್ತು. ಹಳ್ಳಿಗಳಿಂದ ಬಂದ ಹುಡುಗರು ಗಾರೆ ಕೆಲಸ, ಚಿಮಣಿ ಗುಡಿಸುವ ಕೆಲಸ ಮಾಡಿ ಬೀದಿಯಲ್ಲಿ ಬೆಳೆದು, ಹಲವರು ಸೆರೆಮನೆ ಸೇರುತ್ತಿದ್ದರು. ಅದೇ ವರ್ಷ ಡಿಸೆಂಬರ್ 8ರಂದು, ಪೂಜೆಗೆ ನೆರವಾಗಲು ಬಾರದೆಂದು ಇಗರ್ಜಿಯ ಆಳಿನಿಂದ ಪೆಟ್ಟು ತಿಂದ ಗಾರೆ ಕೆಲಸದ ಅನಾಥ ಹುಡುಗನೊಬ್ಬನನ್ನು ಬೊಸ್ಕೊ ಕರೆದು ಕೂರಿಸಿದರು. ಓದು ಬಾರದು, ಬರಹ ಬಾರದು, ಹಾಡು ಬಾರದು. ಸಿಳ್ಳೆ ಹಾಕಲು ಬರುವುದೋ ಎಂದು ಕೇಳಿದಾಗ ಹುಡುಗ ನಕ್ಕ. ಮುಂದಿನ ವಾರ ಗೆಳೆಯರನ್ನು ಕರೆತಂದ.

ಹುಡುಗರು ನೂರಾರಾದರು, ಗದ್ದಲವೂ ಹಾಗೆಯೇ. ಒಂದೆಡೆಯಿಂದ ಇನ್ನೊಂದೆಡೆಗೆ ನೆರೆಕರೆಯವರು ಓಡಿಸುತ್ತಿದ್ದರು. 1846ರ ಈಸ್ಟರ್ ಹಬ್ಬದಂದು ವಾಲ್‌ಡೊಕ್ಕೊ ಎಂಬಲ್ಲಿ ಒಂದು ಕೊಟ್ಟಿಗೆ ಬಾಡಿಗೆಗೆ ಸಿಕ್ಕಿತು. ಆ ವರ್ಷದ ನವಂಬರದಲ್ಲಿ ಮುದಿ ತಾಯಿಯೂ ಬಂದು, ಸಾಯುವವರೆಗೆ ಆ ಹುಡುಗರಿಗೆ ಅಡುಗೆ ಮಾಡಿ ಬಟ್ಟೆಗೆ ತೇಪೆ ಹಾಕಿದರು. ರಾತ್ರಿ ಶಾಲೆ, ಚಪ್ಪಲಿ ಹೊಲಿಗೆ, ದರ್ಜಿ ಕೆಲಸ, 1855ರಿಂದ ಹಂತ ಹಂತವಾಗಿ ಪ್ರೌಢಶಾಲೆಯ ತರಗತಿಗಳು ಅಲ್ಲಿ ಬೆಳೆದವು.

ಆ ಶಾಲೆಯ ಜೀವ ಇದ್ದದ್ದು ಅಂಗಳದಲ್ಲಿ. ದೇಶದಲ್ಲಿ ಮೆಟ್ರಿಕ್ ಅಳತೆ ಬರಲಿದ್ದಾಗ, 1849ರಲ್ಲಿ, ಬೊಸ್ಕೊ ಅದನ್ನೇ ನಗೆಯ ಸಂವಾದಗಳಾಗಿ ಬರೆದು ಹುಡುಗರಿಂದ ಆಡಿಸಿದರು. ಊರಿನವರು ನಗುತ್ತ ಲೀಟರು ಕಿಲೋಗಳನ್ನು ಕಲಿತರು. ಶರತ್ಕಾಲದ ರಜೆಯಲ್ಲಿ ಹುಡುಗರ ತಂಡ ಬ್ಯಾಂಡು ಮತ್ತು ನಾಟಕದ ಸಾಮಾನು ಹೊತ್ತು ಹಳ್ಳಿಯಿಂದ ಹಳ್ಳಿಗೆ ನಡೆಯುತ್ತಿತ್ತು. ಹಗಲು ಮೆರವಣಿಗೆ, ಸಂಜೆ ನಾಟಕ. ನಮ್ಮ ಮೇಳಗಳ ತಿರುಗಾಟದಂತೆಯೇ ಎನ್ನಬಹುದು.

ಇನ್ನು ಸಂಘಗಳು. 1847ರಲ್ಲಿ ಸಂತ ಅಲೋಶಿಯಸರ ಹೆಸರಿನದು ಮೊದಲಾಯಿತು. 1856ರ ಜೂನ್ 8ರಂದು ದೊಮಿನಿಕ್ ಸಾವಿಯೊ ಎಂಬ ಹದಿನಾಲ್ಕರ ವಿದ್ಯಾರ್ಥಿ, ಮಿತ್ರರೊಡನೆ ಕೂಡಿ, ಅಮಲೋದ್ಭವ ಮಾತೆಯ ಸಂಘವನ್ನು ಕಟ್ಟಿದ. ನಿಯಮಾವಳಿ ಹುಡುಗರದೇ, ಗುರುಗಳು ತಿದ್ದಿದರು ಅಷ್ಟೆ. ಪ್ರಾರ್ಥನೆಯ ಜತೆಗೆ ಅವರೊಂದು ಕೆಲಸ ಹಂಚಿಕೊಂಡರು. ಪುಂಡನೆನಿಸಿದ ಹುಡುಗ, ಮನೆಯ ನೆನಪಿನಿಂದ ಮೂಲೆಯಲ್ಲಿ ಕುಳಿತ ಹೊಸ ಹುಡುಗ, ಇಂಥವರನ್ನು ಒಬ್ಬೊಬ್ಬ ಸದಸ್ಯ ಸದ್ದಿಲ್ಲದೆ ತನ್ನ ಹೊಣೆಗೆ ತೆಗೆದುಕೊಂಡು ಆಟಕ್ಕೆ ಸೇರಿಸಿಕೊಳ್ಳುವುದು. ಸಾವಿಯೊ 1857ರ ಮಾರ್ಚ್ 9ರಂದು ಕಾಯಿಲೆಯಿಂದ ತೀರಿಕೊಂಡ. ಆದರೆ 1859ರ ಡಿಸೆಂಬರ್ 18ರ ರಾತ್ರಿ ಬೊಸ್ಕೊ ತಮ್ಮ ಕೋಣೆಯಲ್ಲಿ ಹದಿನೇಳು ಮಂದಿಯನ್ನು ಕೂಡಿಸಿ ಸಲೇಸಿಯನ್ ಸಭೆಯನ್ನು ಆರಂಭಿಸಿದಾಗ, ಮುಂದೆ ಅವರ ಉತ್ತರಾಧಿಕಾರಿಯಾದ ಮಿಕೇಲೆ ರುವಾ, ಅರ್ಜೆಂಟೀನಕ್ಕೆ ಹೋದ ಕಾಲ್ಯೆರೊ ಮೊದಲಾದವರು ಅಲ್ಲಿದ್ದರು. ಅವರೆಲ್ಲ ಈ ಸಂಘದಲ್ಲಿ ಪಳಗಿದ ಹುಡುಗರು. ಅದೇ ಸಭೆಯ ಗುರುಗಳು 1906ರಲ್ಲಿ ತಂಜಾವೂರಿಗೆ ಬಂದರು.

ಎಲ್ಲವೂ ನಮಗೆ ಒಪ್ಪಿಗೆಯೆಂದಲ್ಲ. ಪ್ರಾಟೆಸ್ಟಂಟರ ಮೇಲೆ ಬೊಸ್ಕೊ ಬರೆದದ್ದು ಕಟುವಾಗಿದೆ. ಹುಡುಗರ ಮೇಲಿದ್ದ ಎಡೆಬಿಡದ ಕಣ್ಗಾವಲು ಇಂದಿನವರಿಗೆ ಉಸಿರು ಕಟ್ಟಿಸೀತು. ಆದರೆ ಹೊಡೆತದಿಂದ ಕಲಿಸಬಾರದೆಂಬ ನಿಲುವನ್ನು 1877ರಲ್ಲಿ ಅವರು ಅಚ್ಚು ಹಾಕಿಸಿದರು. ನಮ್ಮಲ್ಲಿ ನಾಗರಬೆತ್ತಕ್ಕೆ ಅನಂತರವೂ ಎಷ್ಟು ಕಾಲ ಮರ್ಯಾದೆಯಿತ್ತೆಂಬುದನ್ನು ಓದುಗರು ಬಲ್ಲರು.

ಮುಪ್ಪಿನಲ್ಲಿ ಅವರನ್ನು ಕಾಡಿದ ಚಿಂತೆ ಸಾಲದ್ದೊಂದೇ ಅಲ್ಲ. 1884ರ ಮೇ 10ರಂದು ರೋಮಿನಿಂದ ತಮ್ಮ ಶಾಲೆಗೆ ಒಂದು ದೀರ್ಘ ಪತ್ರ ಬರೆಯಿಸಿದರು. ಮೊದಲಿನ ಅಂಗಳದಲ್ಲಿ ಗುರುಗಳೂ ಮಕ್ಕಳೊಡನೆ ಓಡುತ್ತಿದ್ದರು. ಈಗ ಹುಡುಗರು ಬೇಸರದಿಂದ ಕಂಬಕ್ಕೊರಗಿ ನಿಂತಿದ್ದಾರೆ, ಗುರುಗಳು ಒಂದೆಡೆ ಗುಂಪಾಗಿ ತಮ್ಮೊಳಗೇ ಮಾತನಾಡುತ್ತಿದ್ದಾರೆ ಎಂಬುದು ಅದರ ಅಳಲು. ಪ್ರೀತಿಯಿದ್ದರೆ ಸಾಲದು, ಅದು ಮಕ್ಕಳಿಗೆ ತಿಳಿಯಬೇಕು, ಅದಕ್ಕೆ ಗುರುಗಳು ಆಟಕ್ಕೆ ಮರಳಬೇಕು ಎಂದು ಬೇಡಿಕೊಂಡರು. ಮಕ್ಕಳಿಗೆಂದು ಇದನ್ನೇ ಚಿಕ್ಕದಾಗಿಸಿ ಬೇರೊಂದು ಪತ್ರ.

1888ರ ಜನವರಿ 31ರ ಮುಂಜಾವದಲ್ಲಿ, ಎಪ್ಪತ್ತೆರಡನೆಯ ವಯಸ್ಸಿನಲ್ಲಿ, ಅವರು ವಾಲ್‌ಡೊಕ್ಕೊದ ತಮ್ಮ ಕೋಣೆಯಲ್ಲಿ ಕಣ್ಣು ಮುಚ್ಚಿದರು. ಆ ಕೋಣೆಯ ಕೆಳಗೇ ಹುಡುಗರು ಆಡುವ ಅಂಗಳ.