ನಿಯಮವಿಲ್ಲದ ಹಕ್ಕು ಕಾಗದಕ್ಕಷ್ಟೇ: ಎಡ್ ರಾಬರ್ಟ್ಸ್ ಬದುಕಿನ ಪಾಠ

ಸರ್ಕಾರಿ ಕಚೇರಿಯ ಮೆಟ್ಟಿಲುಗಳ ಪಕ್ಕದ ಇಳಿಜಾರು, ರಸ್ತೆ ದಾಟುವೆಡೆ ತಗ್ಗಿಸಿದ ಪಾದಚಾರಿ ಮಾರ್ಗದ ಅಂಚು, ಗಾಲಿಕುರ್ಚಿ ಒಳಹೋಗುವಷ್ಟು ಅಗಲವಾದ ಶೌಚಾಲಯದ ಬಾಗಿಲು ಮೊದಲಾದವು ಇಂದು ಜಗತ್ತಿನ ಅನೇಕ ನಗರಗಳಲ್ಲಿ ಕಡ್ಡಾಯ. ಇವು ಕರುಣೆಯ ಕೊಡುಗೆಗಳೆಂಬ ಭಾವನೆಯನ್ನು ಅಳಿಸಿ, ನಾಗರಿಕ ಹಕ್ಕುಗಳೆಂದು ಸ್ಥಾಪಿಸಲು ಶ್ರಮಿಸಿದವರಲ್ಲಿ ಅಮೆರಿಕದ ಎಡ್ ರಾಬರ್ಟ್ಸ್ ಪ್ರಮುಖರು. ಎರಡು ಬೆರಳು ಹಾಗೂ ಕಾಲಿನ ಕೆಲವು ಬೆರಳುಗಳನ್ನು ಬಿಟ್ಟರೆ ಕುತ್ತಿಗೆಯಿಂದ ಕೆಳಗೆ ಚಲನೆಯೇ ಇಲ್ಲದಿದ್ದ ಅವರು ಮುಂದೆ ಒಂದು ರಾಜ್ಯದ ಪುನರ್ವಸತಿ ಇಲಾಖೆಯ ಮುಖ್ಯಸ್ಥರಾದರು.

ಪೋಲಿಯೊ ಎರಗಿದಾಗ

ರಾಬರ್ಟ್ಸ್ ಜನಿಸಿದ್ದು 1939ರ ಜನವರಿ 23ರಂದು, ಕ್ಯಾಲಿಫೋರ್ನಿಯಾದಲ್ಲಿ. ಆಟೋಟಗಳಲ್ಲಿ ಆಸಕ್ತನಾಗಿದ್ದ ಬಾಲಕನಿಗೆ 1953ರಲ್ಲಿ, ಹದಿನಾಲ್ಕನೆಯ ವಯಸ್ಸಿನಲ್ಲಿ ಪೋಲಿಯೊ ತಗುಲಿತು. ಸಾಲ್ಕ್ ಲಸಿಕೆ ಪರಿಣಾಮಕಾರಿ ಎಂದು ಪ್ರಕಟವಾಗಲು ಇನ್ನೂ ಎರಡು ವರ್ಷ ಬಾಕಿ ಇತ್ತು. ಉಸಿರಾಟದ ಸ್ನಾಯುಗಳೂ ಶಕ್ತಿಗುಂದಿದ್ದರಿಂದ ಅವರು 'ಕಬ್ಬಿಣದ ಶ್ವಾಸಕೋಶ'ವನ್ನು ಅವಲಂಬಿಸಬೇಕಾಯಿತು. ರೋಗಿಯ ತಲೆಯನ್ನು ಹೊರಗಿಟ್ಟು ಉಳಿದ ದೇಹವನ್ನು ಉಕ್ಕಿನ ಕೊಳವೆಯೊಳಗೆ ಮಲಗಿಸಿ, ಒಳಗಿನ ಗಾಳಿಯ ಒತ್ತಡವನ್ನು ಏರಿಳಿಸುತ್ತ ಉಸಿರಾಡಿಸುವ ಯಂತ್ರವದು. ಹಗಲಿನಲ್ಲಿ ಕೆಲ ಹೊತ್ತಾದರೂ ಅದರಿಂದ ಹೊರಗಿರಲು, ಬಾಯಿಯಿಂದ ಗಾಳಿಯನ್ನು ಗುಟುಕುಗುಟುಕಾಗಿ ನುಂಗುವ ವಿಧಾನವನ್ನು ಅವರು ಕಲಿತುಕೊಂಡರು.

ಬದುಕುವುದಕ್ಕಿಂತ ಸಾಯುವುದೇ ಲೇಸೆಂದು ವೈದ್ಯರೊಬ್ಬರು ಸೂಚಿಸಿದ್ದರು. ಹುಡುಗನಿಗೂ ಹಾಗೆಯೇ ಅನ್ನಿಸಿ ಕೆಲಕಾಲ ಆಹಾರವನ್ನೇ ನಿರಾಕರಿಸಿದ್ದುಂಟು. ಕೊನೆಗೆ ಬದುಕುವ ನಿರ್ಧಾರವನ್ನೂ ಆತನೇ ಮಾಡಿದನು.

ತಾಯಿ ಜೋನಾ ರಾಬರ್ಟ್ಸ್ ಮಗನ ಶಿಕ್ಷಣ ನಿಲ್ಲಲು ಬಿಡಲಿಲ್ಲ. ಮನೆಯಿಂದ ಶಾಲೆಗೆ ದೂರವಾಣಿ ಸಂಪರ್ಕ ಕಲ್ಪಿಸಿ ಪಾಠ ಕೇಳುವ ವ್ಯವಸ್ಥೆಯಾಯಿತು. ಆದರೆ ಪ್ರೌಢಶಾಲೆಯ ಕೊನೆಯಲ್ಲಿ ದೈಹಿಕ ಶಿಕ್ಷಣ ಹಾಗೂ ವಾಹನ ಚಾಲನೆಯ ತರಗತಿಗಳನ್ನು ಪೂರೈಸಿಲ್ಲವೆಂಬ ಕಾರಣ ನೀಡಿ ಪ್ರಮಾಣಪತ್ರವನ್ನು ತಡೆಹಿಡಿಯಲಾಯಿತು. ತಾಯಿ ಶಿಕ್ಷಣ ಮಂಡಳಿಯವರೆಗೂ ಹೋಗಿ ವಾದಿಸಿದ ಮೇಲೆಯೇ ಅದು ಕೈಸೇರಿತು.

ಆಸ್ಪತ್ರೆಯೇ ವಿದ್ಯಾರ್ಥಿನಿಲಯ

ಸ್ಯಾನ್ ಮಟೇಯೊ ಕಾಲೇಜಿನಲ್ಲಿ ಓದಿದ ನಂತರ ರಾಬರ್ಟ್ಸ್ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯಕ್ಕೆ ಅರ್ಜಿ ಹಾಕಿದರು. ಇಷ್ಟು ತೀವ್ರ ಅಂಗವೈಕಲ್ಯವುಳ್ಳವರು ಎಂದಿಗೂ ಉದ್ಯೋಗಕ್ಕೆ ಅರ್ಹರಾಗಲಾರರು ಎಂದು ಹೇಳಿ ರಾಜ್ಯದ ಪುನರ್ವಸತಿ ಇಲಾಖೆಯು ಶಿಕ್ಷಣದ ನೆರವನ್ನು ನಿರಾಕರಿಸಿತು. ವಿಷಯ ಪತ್ರಿಕೆಗಳಲ್ಲಿ ಬಂದ ಮೇಲೆ ಇಲಾಖೆ ತೀರ್ಮಾನ ಬದಲಿಸಿತು.

ವಿಶ್ವವಿದ್ಯಾಲಯದ ತೊಡಕು ಬೇರೆಯೇ ಆಗಿತ್ತು. ಸುಮಾರು 360 ಕಿಲೋ ತೂಗುವ ಕಬ್ಬಿಣದ ಶ್ವಾಸಕೋಶವನ್ನು ಇಡಲು ತಕ್ಕ ವಿದ್ಯಾರ್ಥಿನಿಲಯ ಅಲ್ಲಿರಲಿಲ್ಲ. ವಿದ್ಯಾರ್ಥಿ ಆರೋಗ್ಯ ಸೇವೆಯ ಮುಖ್ಯಸ್ಥ ಡಾ. ಹೆನ್ರಿ ಬ್ರೂಯಿನ್ ಅವರು ಆವರಣದ ಕೋವೆಲ್ ಆಸ್ಪತ್ರೆಯಲ್ಲಿಯೇ ಕೊಠಡಿ ನೀಡಿದರು. ಹೀಗೆ 1962ರಲ್ಲಿ ರಾಬರ್ಟ್ಸ್ ಬರ್ಕ್ಲಿ ಪ್ರವೇಶಿಸಿದರು. ಕಪ್ಪು ಜನಾಂಗದ ಜೇಮ್ಸ್ ಮೆರೆಡಿತ್ ಸೈನಿಕರ ರಕ್ಷಣೆಯಲ್ಲಿ ಮಿಸಿಸಿಪ್ಪಿ ವಿಶ್ವವಿದ್ಯಾಲಯ ಸೇರಿದ್ದೂ ಅದೇ ವರ್ಷ. ರಾಬರ್ಟ್ಸ್ 1964ರಲ್ಲಿ ರಾಜ್ಯಶಾಸ್ತ್ರದಲ್ಲಿ ಪದವಿ, 1966ರಲ್ಲಿ ಸ್ನಾತಕೋತ್ತರ ಪದವಿ ಪಡೆದರು.

ಅವರ ಹಿಂದೆಯೇ ಇನ್ನಷ್ಟು ಅಂಗವಿಕಲ ವಿದ್ಯಾರ್ಥಿಗಳು ಕೋವೆಲ್ ಸೇರಿದರು. 'ರೋಲಿಂಗ್ ಕ್ವಾಡ್ಸ್' ಎಂಬ ಹೆಸರಿನಲ್ಲಿ ಸಂಘಟಿತರಾದರು. ರೋಗಿಗಳಂತೆ ಆಸ್ಪತ್ರೆಯಲ್ಲಿ ಉಳಿಯುವುದರ ಬದಲು ಊರಿನೊಳಗೆ, ತಮ್ಮ ಮನೆಗಳಲ್ಲಿ ವಾಸಿಸಬೇಕೆಂಬುದು ಅವರ ಬೇಡಿಕೆಯಾಯಿತು. ಅದಕ್ಕೆ ಸಹಾಯಕರು ಬೇಕು, ಕೆಟ್ಟ ಗಾಲಿಕುರ್ಚಿಯನ್ನು ರಿಪೇರಿ ಮಾಡುವವರು ಬೇಕು, ಮೆಟ್ಟಿಲಿಲ್ಲದ ಬಾಡಿಗೆ ಮನೆ ಬೇಕು. ಈ ಸೇವೆಗಳನ್ನು ಅಂಗವಿಕಲರ ನೇತೃತ್ವದಲ್ಲಿಯೇ ಒದಗಿಸುವ ಸ್ವತಂತ್ರ ಜೀವನ ಕೇಂದ್ರ 1972ರಲ್ಲಿ ಬರ್ಕ್ಲಿಯಲ್ಲಿ ಆರಂಭವಾಯಿತು.

ತಗ್ಗಿದ ಅಂಚುಗಲ್ಲು

ಊರಿಗೆ ಬಂದವರಿಗೆ ಮೊದಲು ಅಡ್ಡಿಯಾದದ್ದು ಪಾದಚಾರಿ ಮಾರ್ಗದ ಅಂಚುಗಲ್ಲು. ನಡೆಯುವವರ ಗಮನಕ್ಕೂ ಬಾರದ ನಾಲ್ಕಾರು ಅಂಗುಲದ ಎತ್ತರ ಗಾಲಿಕುರ್ಚಿಗೆ ಗೋಡೆಯಾಗಿತ್ತು. ಚಳವಳಿಯ ಒತ್ತಾಯಕ್ಕೆ ಮಣಿದ ಬರ್ಕ್ಲಿ ನಗರಸಭೆ, ರಸ್ತೆ ದಾಟುವೆಡೆಗಳಲ್ಲಿ ಇಳಿಜಾರು ನಿರ್ಮಿಸಲು 1971ರಲ್ಲಿ ತೀರ್ಮಾನಿಸಿತು. ಮಗುವಿನ ಗಾಡಿ ತಳ್ಳುವ ತಾಯಂದಿರಿಗೂ, ಸರಕು ಸಾಗಿಸುವವರಿಗೂ, ವೃದ್ಧರಿಗೂ ಅದರಿಂದ ಅನುಕೂಲವಾಯಿತು.

ಆದರೆ ಒಬ್ಬರ ಅನುಕೂಲ ಇನ್ನೊಬ್ಬರಿಗೆ ಅಪಾಯವಾಗುವುದೂ ಉಂಟು. ಅಂಚುಗಲ್ಲನ್ನು ಕೋಲಿನಿಂದ ತಟ್ಟಿ ರಸ್ತೆಯ ಆರಂಭವನ್ನು ಗುರುತಿಸುತ್ತಿದ್ದ ಅಂಧರಿಗೆ ಇಳಿಜಾರಿನಲ್ಲಿ ಆ ಸುಳಿವು ತಪ್ಪಿತು. ಪಾದಕ್ಕೂ ಕೋಲಿಗೂ ತಿಳಿಯುವ ಉಬ್ಬು ಚುಕ್ಕೆಗಳ ಹಾಸು ಮುಂದೆ ಮಾನದಂಡಗಳಲ್ಲಿ ಸೇರಿತು. ಹನ್ನೆರಡು ಅಡಿ ಉದ್ದಕ್ಕೆ ಒಂದು ಅಡಿಗಿಂತ ಹೆಚ್ಚು ಏರದ ಇಳಿಜಾರು, ಕನಿಷ್ಠ 32 ಅಂಗುಲದ ಬಾಗಿಲ ತೆರಪು ಎಂಬಂಥ ಖಚಿತ ಅಳತೆಗಳು ಅಗತ್ಯವಾದದ್ದೂ ಇದೇ ಕಾರಣಕ್ಕೆ. ಕಡಿದಾದ ಇಳಿಜಾರು ಮೆಟ್ಟಿಲಿನಷ್ಟೇ ನಿರುಪಯುಕ್ತ.

ಕಾಯ್ದೆ ಇತ್ತು, ನಿಯಮವಿರಲಿಲ್ಲ

1975ರಲ್ಲಿ ರಾಜ್ಯಪಾಲ ಜೆರ್ರಿ ಬ್ರೌನ್ ಅವರು ರಾಬರ್ಟ್ಸ್ ಅವರನ್ನು ಕ್ಯಾಲಿಫೋರ್ನಿಯಾದ ಪುನರ್ವಸತಿ ಇಲಾಖೆಯ ನಿರ್ದೇಶಕರನ್ನಾಗಿ ನೇಮಿಸಿದರು. ಅವರು ಉದ್ಯೋಗಕ್ಕೆ ಅನರ್ಹರೆಂದು ಹಿಂದೆ ಬರೆದಿಟ್ಟಿದ್ದ ಇಲಾಖೆಯೇ ಅದು.

ಅಮೆರಿಕದ 1973ರ ಪುನರ್ವಸತಿ ಕಾಯ್ದೆಯ 504ನೇ ಕಲಮು, ಕೇಂದ್ರ ಸರ್ಕಾರದ ಹಣ ಪಡೆಯುವ ಯಾವ ಸಂಸ್ಥೆಯೂ ಅಂಗವಿಕಲರ ವಿರುದ್ಧ ತಾರತಮ್ಯ ಮಾಡುವಂತಿಲ್ಲವೆಂದು ಸಾರಿತ್ತು. ಆದರೆ ತಾರತಮ್ಯ ಎಂದರೇನು, ಯಾವ ಕಟ್ಟಡವನ್ನು ಎಷ್ಟು ಅವಧಿಯಲ್ಲಿ ಬದಲಿಸಬೇಕು ಎಂಬುದನ್ನು ಹೇಳಬೇಕಿದ್ದ ನಿಯಮಗಳಿಗೆ ನಾಲ್ಕು ವರ್ಷವಾದರೂ ಸಹಿ ಬೀಳಲಿಲ್ಲ. 1977ರ ಏಪ್ರಿಲ್ 5ರಂದು ನೂರಕ್ಕೂ ಹೆಚ್ಚು ಮಂದಿ ಸ್ಯಾನ್ ಫ್ರಾನ್ಸಿಸ್ಕೊದ ಕೇಂದ್ರ ಸರ್ಕಾರಿ ಕಟ್ಟಡದೊಳಗೆ ಧರಣಿ ಕುಳಿತರು. ಜೂಡಿ ಹ್ಯೂಮನ್, ಕಿಟ್ಟಿ ಕೋನ್ ಮೊದಲಾದವರು ಮುಂದಾಳುಗಳು. ಸಹಾಯಕರಿಲ್ಲದೆ, ಔಷಧ, ಹಾಸಿಗೆಗಳ ಕೊರತೆಯ ನಡುವೆ ಅವರು ವಾರಗಟ್ಟಲೆ ಕದಲಲಿಲ್ಲ. ಬ್ಲ್ಯಾಕ್ ಪ್ಯಾಂಥರ್ ಪಕ್ಷದವರು ಊಟ ಒದಗಿಸಿದರು. ರಾಜ್ಯದ ಉನ್ನತ ಅಧಿಕಾರಿಯಾಗಿದ್ದರೂ ರಾಬರ್ಟ್ಸ್ ಬಹಿರಂಗವಾಗಿ ಧರಣಿಯ ಪರ ನಿಂತು ಮಾತನಾಡಿದರು.

ಏಪ್ರಿಲ್ 28ರಂದು ಸಚಿವ ಜೋಸೆಫ್ ಕ್ಯಾಲಿಫಾನೊ ನಿಯಮಗಳಿಗೆ ಸಹಿ ಹಾಕಿದರು. ಹೊಸ ಕಟ್ಟಡಗಳು ಅಂಗವಿಕಲರಿಗೆ ಸುಗಮವಾಗಿರಬೇಕೆಂದೂ, ಹಳೆಯವುಗಳಲ್ಲಿ ಅಗತ್ಯ ಮಾರ್ಪಾಡುಗಳು ಮೂರು ವರ್ಷದೊಳಗೆ ಆಗಬೇಕೆಂದೂ ನಿಗದಿಯಾಯಿತು. ಈ ತಳಹದಿಯ ಮೇಲೆ ರೂಪುಗೊಂಡ 1990ರ ಅಮೆರಿಕದ ಅಂಗವಿಕಲರ ಕಾಯ್ದೆ, ಹೋಟೆಲು, ಅಂಗಡಿ, ಚಿತ್ರಮಂದಿರಗಳಂಥ ಖಾಸಗಿ ಸ್ಥಳಗಳಿಗೂ ಈ ಹೊಣೆಯನ್ನು ವಿಸ್ತರಿಸಿತು.

ರಾಬರ್ಟ್ಸ್ 1983ರಲ್ಲಿ ಹ್ಯೂಮನ್ ಹಾಗೂ ಜೋನ್ ಲಿಯಾನ್ ಅವರೊಡನೆ ಅಂಗವೈಕಲ್ಯ ಕುರಿತ ವಿಶ್ವ ಸಂಸ್ಥೆಯೊಂದನ್ನು ಸ್ಥಾಪಿಸಿದರು. 1995ರ ಮಾರ್ಚ್ 14ರಂದು, 56ನೇ ವಯಸ್ಸಿನಲ್ಲಿ ನಿಧನರಾದರು. ಅವರ ಗಾಲಿಕುರ್ಚಿ ವಾಷಿಂಗ್ಟನ್‌ನ ಸ್ಮಿತ್ಸೋನಿಯನ್ ವಸ್ತುಸಂಗ್ರಹಾಲಯದಲ್ಲಿದೆ. ಬರ್ಕ್ಲಿಯ ಆಶ್‌ಬಿ ರೈಲು ನಿಲ್ದಾಣದ ಬಳಿ 2010ರಲ್ಲಿ ಆರಂಭವಾದ ಎಡ್ ರಾಬರ್ಟ್ಸ್ ಕ್ಯಾಂಪಸ್‌ನಲ್ಲಿ ಮೇಲಂತಸ್ತಿಗೆ ಹೋಗಲು ಕೆಂಪು ಬಣ್ಣದ ಸುರುಳಿ ಇಳಿಜಾರಿದೆ.

ಭಾರತದಲ್ಲೂ ಅದೇ ಪ್ರಶ್ನೆ

ರಾಬರ್ಟ್ಸ್ ತೀರಿಕೊಂಡ ವರ್ಷವೇ ಭಾರತದ ಸಂಸತ್ತು ಅಂಗವಿಕಲರ ಮೊದಲ ಸಮಗ್ರ ಕಾಯ್ದೆಯನ್ನು ಅಂಗೀಕರಿಸಿತು. ರಸ್ತೆ, ಕಟ್ಟಡಗಳನ್ನು ಸುಗಮಗೊಳಿಸುವ ಹೊಣೆಯನ್ನು ಆ ಕಾಯ್ದೆ ಆರ್ಥಿಕ ಸಾಮರ್ಥ್ಯದ ಮಿತಿಗೆ ಒಳಪಡಿಸಿತ್ತು. ಅದರ ಸ್ಥಾನದಲ್ಲಿ ಬಂದ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯು ಸುಗಮ ಪ್ರವೇಶವನ್ನು ಕಡ್ಡಾಯಗೊಳಿಸಿತು. ಆದರೆ 2017ರ ನಿಯಮಾವಳಿಯ 15ನೇ ನಿಯಮ ಉಲ್ಲೇಖಿಸಿದ ಮಾರ್ಗಸೂಚಿಗಳು ಬಹುಮಟ್ಟಿಗೆ ಶಿಫಾರಸಿನ ಸ್ವರೂಪದವಾಗಿದ್ದವು. ರಾಜೀವ್ ರತೂರಿ ಪ್ರಕರಣದಲ್ಲಿ 2024ರ ನವೆಂಬರ್ 8ರಂದು ತೀರ್ಪು ನೀಡಿದ ಸುಪ್ರೀಂ ಕೋರ್ಟ್, 15(1)ನೇ ನಿಯಮವು ಮೂಲ ಕಾಯ್ದೆಗೆ ವಿರುದ್ಧವೆಂದು ಸಾರಿ, ಮೂರು ತಿಂಗಳೊಳಗೆ ಕಡ್ಡಾಯ ಕನಿಷ್ಠ ಮಾನದಂಡಗಳನ್ನು ರೂಪಿಸುವಂತೆ ಕೇಂದ್ರ ಸರ್ಕಾರಕ್ಕೆ ಆದೇಶಿಸಿತು.

ಸ್ಯಾನ್ ಫ್ರಾನ್ಸಿಸ್ಕೊದ ಧರಣಿನಿರತರು 1977ರಲ್ಲಿ ಕೇಳಿದ್ದೂ ಇದನ್ನೇ. ಕಾಯ್ದೆಯ ಆಶಯವನ್ನು ಅಡಿ, ಅಂಗುಲ ಮತ್ತು ಗಡುವುಗಳಲ್ಲಿ ಬರೆದು, ಮೀರಿದವರಿಗೆ ದಂಡ ವಿಧಿಸುವವರೆಗೆ, ಕಚೇರಿಯ ಮೆಟ್ಟಿಲ ಕೆಳಗೆ ಗಾಲಿಕುರ್ಚಿಯಲ್ಲಿ ಕುಳಿತವರ ಪಾಲಿಗೆ ಆ ಕಾಯ್ದೆ ಇದ್ದೂ ಇಲ್ಲದಂತೆ.