ಹೆಸರುಗಳ ಕರಣಿಕ ಜಾನ್ ಪೋಸ್ಟೆಲ್

ವಾಡಿ ಜಂಕ್ಷನ್ನಿನಲ್ಲಿ ಗಾಡಿ ಬದಲಿಸಲು ಕಾದು ಕುಳಿತಾಗಲೆಲ್ಲ ನನಗೊಂದು ಕುತೂಹಲ. ರೈಲ್ವೆಯ ಸಂಕೇತದಲ್ಲಿ ಚಿತ್ತಾಪುರವು ‘ಸಿಟಿ’, ಶಹಾಬಾದು ‘ಎಸ್‌ಡಿಬಿ’. ವಾಡಿಗೆ ಮಾತ್ರ ಪೂರ್ಣನಾಮದ ಭಾಗ್ಯ. ಜನರಿಟ್ಟ ಹೆಸರೊಂದು, ವ್ಯವಸ್ಥೆಯಿಟ್ಟ ಗುರುತೊಂದು. ಎರಡನ್ನೂ ಜೋಡಿಸಿ ಬರೆದಿಡುವ ಕರಣಿಕನಾರು? ಗಣಕಯಂತ್ರಗಳ ಲೋಕದಲ್ಲಿ ಈ ಕಾಯಕಕ್ಕೆ ಬಾಳನ್ನು ಸವೆಸಿದವನು ಜಾನ್ ಪೋಸ್ಟೆಲ್.

ಆತ ಹುಟ್ಟಿದ್ದು 1943ರ ಆಗಸ್ಟ್ 6ರಂದು, ಕ್ಯಾಲಿಫೋರ್ನಿಯದ ಆಲ್ಟಡೀನದಲ್ಲಿ. ಲಾಸ್ ಏಂಜಲೀಸಿನ ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿಯಾಗಿದ್ದಾಗಲೇ, 1969ರಲ್ಲಿ, ಅರ್ಪಾನೆಟ್ ಎಂಬ ಜಾಲದ ಮೊದಲ ನೆಲೆ ಅಲ್ಲಿ ಸ್ಥಾಪಿತವಾಯಿತು. ಯಾವ ಅಂಕಿಯನ್ನು ಯಾವುದಕ್ಕೆ ಕೊಟ್ಟಿದೆಯೆಂದು ಬರೆದಿಡುವವರೊಬ್ಬರು ಬೇಕಾಗಿತ್ತು. ಉದ್ದ ಗಡ್ಡದ, ಸದಾ ಚಪ್ಪಲಿ ಮೆಟ್ಟಿದ ಈ ತರುಣ ಆ ಕೆಲಸವನ್ನು ತಾನೇ ಹೊತ್ತುಕೊಂಡ.

ಯಂತ್ರಗಳ ಹೆಸರು ಮತ್ತು ಅಂಕಿಗಳ ಪಟ್ಟಿಯಾದರೋ ಮೆನ್ಲೊ ಪಾರ್ಕಿನ ಸಂಶೋಧನ ಸಂಸ್ಥೆಯೊಂದರಲ್ಲಿ ಒಂದೇ ಕಡತವಾಗಿತ್ತು. ಹೊಸ ಯಂತ್ರ ಬಂದರೆ ಅಲ್ಲಿಗೆ ತಿಳಿಸಬೇಕು. ಉಳಿದವರೆಲ್ಲ ಆ ಕಡತವನ್ನು ಮತ್ತೆ ಮತ್ತೆ ತರಿಸಿಕೊಳ್ಳಬೇಕು. ಜಾಲ ಬೆಳೆದಂತೆ ಕಡತ ಭಾರವಾಯಿತು. ಪರಿಹಾರಕ್ಕೆ ಬಂದಿದ್ದ ಸಲಹೆಗಳನ್ನು ಪೋಸ್ಟೆಲ್ ತನ್ನ ಸಹೋದ್ಯೋಗಿ ಪಾಲ್ ಮೊಕಪೆಟ್ರಿಸನ ಮುಂದಿಟ್ಟ. ಆತ ಅವನ್ನೆಲ್ಲ ಬದಿಗೊತ್ತಿ ಹೊಸತನ್ನೇ ಕಲ್ಪಿಸಿದ. ಪೋಸ್ಟೆಲ್ ಮುನಿಯಲಿಲ್ಲವೆಂಬುದೇ ನನಗೆ ದೊಡ್ಡದಾಗಿ ತೋರುತ್ತದೆ. 1983ರಲ್ಲಿ ಟಾಪ್ಸ್-20 ಮೇನ್‌ಫ್ರೇಮ್ ಯಂತ್ರದ ಮೇಲೆ ಆ ಏರ್ಪಾಡು ನಡೆಯತೊಡಗಿತು. ಚಿಂಚೋಳಿಯ ಮನೆಯೊಂದರ ದಾರಿಯನ್ನು ವಾಡಿಯಲ್ಲಿ ಕೇಳಿದರೆ ಚಿಂಚೋಳಿಯವರನ್ನು ಕೇಳಿರೆನ್ನುತ್ತಾರೆ. ಅಲ್ಲಿಯವರು ಓಣಿಯವರನ್ನು ತೋರುತ್ತಾರೆ. ಇದರ ಮರ್ಮವೂ ಅಷ್ಟೇ: ಯಾರೊಬ್ಬರೂ ಎಲ್ಲವನ್ನೂ ಬಲ್ಲವರಾಗಬೇಕಿಲ್ಲ.

ಆದರೆ ದೇಶಗಳಿಗೆ ಹೆಸರು ಕೊಡುವುದು ಸೂಕ್ಷ್ಮವಾದ ಸಂಗತಿ. ಯಾವುದು ದೇಶ, ಯಾವುದಲ್ಲವೆಂದು ತೀರ್ಮಾನಿಸುವ ಗೋಜಿಗೆ ಪೋಸ್ಟೆಲ್ ಹೋಗಲಿಲ್ಲ. ಅಂತರರಾಷ್ಟ್ರೀಯ ಪ್ರಮಾಣ ಸಂಸ್ಥೆಯ 3166ನೆಯ ಪಟ್ಟಿಯಲ್ಲಿದ್ದ ಎರಡಕ್ಷರಗಳನ್ನೇ ಅನುಸರಿಸಿದ. 1989ರಲ್ಲಿ ನಮಗೆ ‘ಐಎನ್’ ದೊರೆತದ್ದು ಹೀಗೆ.

ಹೆಸರು ಕ್ರಮೇಣ ಸರಕಾಯಿತು. 1995ರಿಂದ ಎರಡು ವರ್ಷಕ್ಕೆ ನೂರು ಡಾಲರ್ ಶುಲ್ಕ ಬಂದಿತು. ಮೂಲಪಟ್ಟಿ ಯಾರದೆಂಬ ಜಗಳ ಹುಟ್ಟಿತು. 1998ರ ಜನವರಿ 28ರಂದು ಪೋಸ್ಟೆಲ್ ಎಂಟು ಮೂಲ ಸರ್ವರುಗಳ ಪಾಲಕರಿಗೆ ಓಲೆ ಕಳುಹಿಸಿ, ಇನ್ನು ಮುಂದೆ ಪಟ್ಟಿಯನ್ನು ತನ್ನಲ್ಲಿಂದಲೇ ಪಡೆಯುವಂತೆ ಕೇಳಿಕೊಂಡ. ಅವರು ಮರುಮಾತಿಲ್ಲದೆ ಒಪ್ಪಿದರು. ಕಾನೂನಿನ ಬಲ ಆತನಿಗಿರಲಿಲ್ಲ. ಇದ್ದುದು ಮೂರು ದಶಕಗಳ ವಿಶ್ವಾಸ. ಅಮೆರಿಕದ ಸರಕಾರ ಕೆರಳಿತು. ಅದೊಂದು ಪರೀಕ್ಷೆಯೆಂದು ಹೇಳಿ ಆತ ಹಿಂದೆಗೆದ. ಅದು ದುಡುಕೋ ಎಚ್ಚರಿಕೆಯೋ ಎಂದು ನಾನು ಬಹಳ ಯೋಚಿಸಿದ್ದೇನೆ; ಎಚ್ಚರಿಕೆಯೆಂಬ ಕಡೆಗೇ ನನ್ನ ಮನಸ್ಸು ವಾಲುತ್ತದೆ.

ಪಟ್ಟಿಯ ಹೊಣೆಗಾಗಿ ‘ಐಕಾನ್’ ಎಂಬ ಸಂಸ್ಥೆ ಆ ವರ್ಷದ ಸೆಪ್ಟೆಂಬರ್ 30ರಂದು ಏರ್ಪಟ್ಟಿತು. ಅಕ್ಟೋಬರ್ 16ರಂದು, ಹೃದಯದ ಶಸ್ತ್ರಚಿಕಿತ್ಸೆಯ ತರುವಾಯದ ತೊಡಕಿನಿಂದ, ಪೋಸ್ಟೆಲ್ ತೀರಿಕೊಂಡ. ವಯಸ್ಸು 55. ಆತ ಕಾದ ಮೂಲಪಟ್ಟಿಯಲ್ಲಿ ಇಂದು ಕನ್ನಡ ಲಿಪಿಯ ‘ಭಾರತ’ವೂ ಇದೆ.